ಮುಂಬಾಗಿಲು ಬೇಡವೆಂದ ಪಾತ್ರೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೋಟೆಲಿನ ಹಿಂಬಾಗಿಲಿನಿಂದ ಒಳಬಂದ ಹೆಂಗಸು ಚಪ್ಪಲಿ ಬಿಟ್ಟು ರಬ್ಬರ್ ಬೂಟು ಏರಿಸಿ, ತೋಳು ಮಡಚಿ, ನಲ್ಲಿ ತಿರುಗಿಸಿ, ಬಿಸಿನೀರು ಬರುವವರೆಗೂ ಬೆರಳೊಡ್ಡಿ ನಿಲ್ಲುತ್ತಾರೆ. ನೀರು ಹದಕ್ಕೆ ಬಂದದ್ದೇ ತಡ, ರಾತ್ರಿ ನೆನೆಹಾಕಿದ್ದ ಹಾಲಿನ ಪಾತ್ರೆಗೆ ಕೈ ಹಾಕುತ್ತಾರೆ. ತಳ ಹಿಡಿದ ಹಾಲು ಅಷ್ಟು ಸುಲಭಕ್ಕೆ ಬಿಡುವ ಜಾತಿಯಲ್ಲ. ಇವರೂ ಅಲ್ಲ.

ಅಂದ ಹಾಗೆ, ಇವರನ್ನು ಕೆಲಸದಿಂದ ತೆಗೆದು ಐದು ದಿನವಾಗಿದೆ. ಅದು ಯಜಮಾನರಿಗೆ ಗೊತ್ತು, ಅಡುಗೆಯವರಿಗೆ ಗೊತ್ತು, ಇವರಿಗೂ ಚೆನ್ನಾಗಿ ಗೊತ್ತು. ಆದರೂ ದಿನಾ ಬರುತ್ತಾರೆ, ತೊಳೆಯುತ್ತಾರೆ, ಹೋಗುತ್ತಾರೆ. ಇಲ್ಲಿಯವರೆಗೆ ಯಾರೂ ಕೈ ಹಿಡಿದು ಹೊರಗೆ ಕಳಿಸಿಲ್ಲ.

ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ಇವರು ಪಾತ್ರೆಯಕ್ಕ. ಗಂಡ ಹಾಸಿಗೆ ಹಿಡಿದ ವರ್ಷ ಇಲ್ಲಿಗೆ ಬಂದವರು. ಅದಕ್ಕೆ ಮೊದಲು ಬಟ್ಟೆ ಅಂಗಡಿಯೊಂದರಲ್ಲಿದ್ದರು. ಅಲ್ಲಿ ಫ್ಯಾನಿತ್ತು, ಕನ್ನಡಿಯಿತ್ತು, ಬಂದವರೆದುರು ದಿನವಿಡೀ ಹಲ್ಲು ಕಿರಿಯುವ ಕಡ್ಡಾಯವೂ ಇತ್ತು. "ಸಂಜೆ ಮನೆಗೆ ಬಂದ್ರೆ ಕಾಲಿಗಿಂತ ದವಡೆ ಜಾಸ್ತಿ ನೋಯ್ತಿತ್ತು. ಇಲ್ಲಿ ಬಂದ ಮೊದಲ ದಿನ ಒಬ್ಬಳೇ ನಿಂತು ಪಾತ್ರೆ ಉಜ್ಜಿದೆ ನೋಡಿ, ಮುಖಕ್ಕೆ ರಜೆ ಸಿಕ್ಕಂಗಾಯ್ತು" ಎನ್ನುತ್ತಾರೆ.

ಕೆಲಸದಲ್ಲಿ ಏನು ಇಷ್ಟ ಎಂದು ಕೇಳಿದರೆ ಮೊದಲು ಅನುಮಾನದಿಂದ ನೋಡುತ್ತಾರೆ. ಇಂಥ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಆಮೇಲೆ ಮಾತಿಗೆ ತಡೆಯೇ ಇಲ್ಲ. ಜಿಡ್ಡು ಬಿಟ್ಟ ತಟ್ಟೆ ಬೆರಳಡಿಯಲ್ಲಿ ಕೀಚ್ ಅನ್ನುವುದು ಇಷ್ಟ. ತೊಳೆದ ಲೋಟಗಳನ್ನು ಬೋರಲು ಹಾಕಿದಾಗ ಏಳುವ ಹಬೆ ಇಷ್ಟ. ತನಗೆ ತೋಚಿದ್ದನ್ನು ತಪ್ಪುತಪ್ಪಾಗಿ ಹಾಡಿಕೊಳ್ಳುವುದು ಇನ್ನೂ ಇಷ್ಟ. "ಗಲೀಜು ಬರುತ್ತೆ, ಚೊಕ್ಕ ಹೋಗುತ್ತೆ. ಕಣ್ಣೆದುರಿಗೇ. ಎಷ್ಟು ಕೆಲಸದಲ್ಲಿ ಹಿಂಗೆ ಕಾಣುತ್ತೆ ಹೇಳಿ?"

ಇಷ್ಟವಿಲ್ಲದ್ದೂ ಇದೆ. ಚಳಿಯಲ್ಲಿ ಬೆರಳ ಸಂದಿ ಬಿರಿದು ಸೋಪು ತಾಗಿದಾಗ ಜೀವ ಹೋಗಿ ಬಂದಂತಾಗುತ್ತದೆ. ಸೊಂಟ ರಾತ್ರಿಯಿಡೀ ಹಟ ಮಾಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತಟ್ಟೆಯ ಅಡಿಗೆ ಚೂಯಿಂಗ್ ಗಮ್ ಅಂಟಿಸುವ ಒಬ್ಬ ಗಿರಾಕಿ. ವಾರಕ್ಕೊಮ್ಮೆಯಾದರೂ ಅವನ ಪ್ರಸಾದ ಸಿಗುತ್ತದೆ. ಉಗುರಲ್ಲಿ ಕೆರೆಯಬೇಕು. "ಮುಖ ನೋಡಿಲ್ಲ, ಆದ್ರೂ ವರ್ಷಾನುಗಟ್ಟಲೆ ಬೈದಿದೀನಿ."

ಹೀಗಿರುವಾಗ ಯಜಮಾನರು ಪಾತ್ರೆ ತೊಳೆಯುವ ಯಂತ್ರ ತರಿಸಿದರು. ಮನುಷ್ಯ ಕೆಟ್ಟವರಲ್ಲ. ಹಳೇ ಕೆಲಸದವಳನ್ನು ಬೀದಿಗೆ ಬಿಡಬಾರದೆಂದು ಸಮವಸ್ತ್ರ ಹೊಲಿಸಿ, ಸಂಬಳವನ್ನೂ ಹೆಚ್ಚಿಸಿ, ಮುಂಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸಲು ಹೇಳಿದರು. ಎಲ್ಲರೂ ಅದೃಷ್ಟ ಖುಲಾಯಿಸಿತು ಎಂದರು. ಪಾತ್ರೆಯಕ್ಕ ಮಾತ್ರ ಮುಖ ಊದಿಸಿಕೊಂಡರು. "ಯಂತ್ರದ ಮೇಲೆ ನಂಗೇನು ಕೋಪ? ಅದು ತಟ್ಟೆ ತೊಳೀಲಿ, ನಾನು ಹಂಡೆ ತೊಳೀತೀನಿ, ಗುಂಡಿ ಒತ್ತೋದಿದ್ರೂ ಒತ್ತೀನಿ. ನನ್ನನ್ನ ಗೊಂಬೆ ಮಾಡಿ ನಿಲ್ಲಿಸಬೇಡಿ ಅಂದೆ. ಕೇಳಿದ್ರೆ ತಾನೆ?"

ಯಂತ್ರ ಕೂರಿಸುವವರೆಗೆ ಪಾತ್ರೆಗಳು ಅಡುಗೆಯವರ ಪಾಲಿಗೆ ಬಿದ್ದವು. ಪಾತ್ರೆಯಕ್ಕ ಎರಡು ದಿನ ಮುಂಬಾಗಿಲಲ್ಲಿ ಹಲ್ಲು ಕಚ್ಚಿಕೊಂಡು ನಿಂತರು. ಮೂರನೆಯ ದಿನ ಇಸ್ತ್ರಿ ಮುರಿಯದ ಅಂಗಿಯ ದೊಡ್ಡ ಮನುಷ್ಯರೊಬ್ಬರು ಬಂದರು. ತಮ್ಮ ಆಫೀಸಿನ ಊಟದ ಆರ್ಡರನ್ನೆಲ್ಲ ಈ ಹೋಟೆಲಿಗೇ ಕೊಡುವವರು. ಯಜಮಾನರೇ ಓಡಿಬಂದು ಕುರ್ಚಿ ಎಳೆದುಕೊಟ್ಟರು. ತಟ್ಟೆ ಬಂತು. ಆ ಮಹಾಶಯರು ಬಾಯಿಂದ ಏನನ್ನೋ ತೆಗೆದು, ಅತ್ತಿತ್ತ ನೋಡಿ, ತಟ್ಟೆಯ ಅಡಿಗೆ ಕೈ ಒಯ್ದರು.

ಪಾತ್ರೆಯಕ್ಕ ಬಾಗಿಲು ಬಿಟ್ಟು ನೇರ ಮೇಜಿನ ಬಳಿ ಹೋಗಿ ಅಂಗೈ ಚಾಚಿದರು. "ಇಲ್ಲಿ ಕೊಡಿ. ಇಷ್ಟು ವರ್ಷ ನಿಮ್ಮನ್ನ ನೋಡಬೇಕು ಅಂತ ಕಾಯ್ತಿದ್ದೆ."

ದೊಡ್ಡ ಮನುಷ್ಯರು ಕೆಂಡವಾದರು. ಊಟ ಬಿಟ್ಟು ಎದ್ದರು. ಕ್ಷಮೆ ಕೇಳು ಎಂದು ಯಜಮಾನರು ಎಲ್ಲರೆದುರೇ ಗದರಿದರು. "ಅಂಟಿಸಿದ್ದು ಅವರು, ಕೆರೆದಿದ್ದು ನಾನು. ಕ್ಷಮೆ ಯಾರು ಕೇಳ್ಬೇಕು?" ಎಂದು ಇವರು ತಿರುಗಿ ಕೇಳಿದರು. ನಾಳೆಯಿಂದ ಬರಬೇಡ ಎಂಬ ಮಾತು ಬಂದದ್ದು ಆಗಲೇ. ಕ್ಷಮೆ ಕೇಳಿದರೆ ಮುಂಬಾಗಿಲ ಕೆಲಸ ಉಂಟು, ಇಲ್ಲವಾದರೆ ಯಾವ ಕೆಲಸವೂ ಇಲ್ಲ. ಪಾತ್ರೆಯಕ್ಕ ಸಮವಸ್ತ್ರ ಮಡಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಮನೆಗೆ ಹೋದರು. ಮರುದಿನ ನಸುಕಿನಲ್ಲಿ ಹಿಂಬಾಗಿಲಿನಿಂದ ಬಂದರು.

ಮನೆಯಲ್ಲೂ ನೆಮ್ಮದಿ ಇಲ್ಲ. ಮಗ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಮ್ಮ ಮುಂಬಾಗಿಲಿಗೆ ಬಂದದ್ದನ್ನು ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದ. ನಿನ್ನೆ ರಾತ್ರಿ ತಟ್ಟೆ ಸರಿಸಿ ಕೂತುಬಿಟ್ಟನಂತೆ.

"ನಂಗೋಸ್ಕರನಾದ್ರೂ ಒಂದು ಮಾತು ಕ್ಷಮೆ ಕೇಳಮ್ಮ. ನನ್ನಮ್ಮ ಎಂಜಲು ತೊಳೀತಾಳೆ ಅಂತ ಎಷ್ಟು ದಿನ ಮುಚ್ಚಿಡ್ಲಿ?"

"ಮುಚ್ಚಿಡು ಅಂದೋರು ಯಾರೋ? ನೀನು ಬೆಳಿಗ್ಗೆ ಎದ್ರೆ ಅಂಗಡಿ ನೆನೆಸ್ಕೊಂಡು ಹೊಟ್ಟೆನೋವು ಅಂತೀಯ. ನಾನು ಎದ್ದು ಓಡ್ತೀನಿ. ನಮ್ಮಿಬ್ಬರಲ್ಲಿ ನಾಚಿಕೆ ಪಡೋ ಕೆಲಸ ಯಾರ್ದು?"

ಮಗ ಎದ್ದು ಹೋದ. ಅದನ್ನು ಹೇಳುವಾಗ ಪಾತ್ರೆಯಕ್ಕ ತೊಳೆದ ಲೋಟವನ್ನೇ ಮತ್ತೆ ಉಜ್ಜುತ್ತಾರೆ. ಅಷ್ಟು ಚುಚ್ಚಬಾರದಿತ್ತು ಎಂದು ಒಪ್ಪಿಕೊಳ್ಳುತ್ತಾರೆ. ಹೇಳಿದ್ದು ಸುಳ್ಳು ಎಂದು ಮಾತ್ರ ಒಪ್ಪುವುದಿಲ್ಲ.

ಇವತ್ತು ಯಂತ್ರ ಕೂರಿಸುವ ದಿನ. ಅದು ಹಿತ್ತಿಲಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕುಳಿತಿದೆ. ಮೆಕ್ಯಾನಿಕ್ ಬಂದು ಗೋಡೆ ಅಳೆಯುತ್ತಾನೆ. ಹಳೇ ತೊಟ್ಟಿ ಕೀಳಬೇಕು, ಅದರ ಮುಂದೆ ನಿಂತವರು ಸರಿಯಬೇಕು. ಹಾಗೆಂದು ಎರಡು ಸಲ ಹೇಳುತ್ತಾನೆ. ಪಾತ್ರೆಯಕ್ಕ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಅಡುಗೆಯವರು ಒಲೆಯ ಕಡೆಯಿಂದ ಒಮ್ಮೆ ನೋಡುತ್ತಾರೆ. ಆಮೇಲೆ, ಇನ್ನೂ ತೊಳೆಯುವ ಅಗತ್ಯವೇ ಇಲ್ಲದ ದೊಡ್ಡ ಹಂಡೆಯೊಂದನ್ನು ಹೊತ್ತು ತಂದು ಇವರ ಪಕ್ಕದಲ್ಲಿ ಇಳಿಸಿ, ಏನೂ ಆಗಿಲ್ಲವೆಂಬಂತೆ ವಾಪಸಾಗುತ್ತಾರೆ.

ಕೊನೆಗೆ ಯಜಮಾನರೇ ಬರುತ್ತಾರೆ. ಐದು ದಿನದಿಂದ ಈ ಕೋಣೆಯ ಕಡೆ ತಲೆ ಹಾಕದವರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಅಕ್ಕಾ, ಸ್ವಲ್ಪ ಈಚೆ ಬಾ. ಮಾತಾಡೋದಿದೆ."

ಪಾತ್ರೆಯಕ್ಕ ಹಂಡೆಯೊಳಗಿಂದ ತಲೆ ಎತ್ತುವುದಿಲ್ಲ.

"ಕೆಲಸದಲ್ಲಿದೀನಿ ಯಜಮಾನ್ರೇ. ಆಮೇಲೆ ಬನ್ನಿ."