ಬದಲಿಯವಳು

ನೂಲಿನ ಗಿರಣಿಯಲ್ಲಿ ಅವಳ ಹೆಸರು ಕೇಳಿದವರೇ ಇಲ್ಲ. ಎಲ್ಲರಿಗೂ ಅವಳು 'ಬದಲಿ'. ಬೆಳಗಿನ ಪಾಳಿಗೆ ಯಾರಾದರೂ ಬಾರದಿದ್ದರೆ, ಗೇಟಿನ ಹತ್ತಿರ ಕಾಯುತ್ತಿದ್ದವರಲ್ಲಿ ಒಬ್ಬರನ್ನು ಮೇಸ್ತ್ರಿ ಕೈಬೀಸಿ ಕರೆಯುತ್ತಿದ್ದ. ಕರೆದ ದಿನ ಕೆಲಸ. ಕರೆಯದ ದಿನ ಡಬ್ಬಿಯ ಊಟ ಹಾಗೇ ಮನೆಗೆ ವಾಪಸ್ಸು. ಒಮ್ಮೆ ಬಾಣಂತಿಯ ಜಾಗ, ಇನ್ನೊಮ್ಮೆ ಕುಡಿದು ಬಿದ್ದವನ ಜಾಗ. "ನಾನು ಬದಲಿ ಬಟ್ಟೆ ಥರ ಕಣ್ರೇ. ಒಗೆದದ್ದು ಒಣಗೋವರೆಗೆ ಅಷ್ಟೇ," ಎಂದು ತಾನೇ ಹೇಳಿ ಉಳಿದವರನ್ನು ನಗಿಸುತ್ತಿದ್ದಳು.

ಅದೇ ಗಿರಣಿಯಲ್ಲಿ ಅವಳ ಅಕ್ಕನದು ಕಾಯಂ ಕೆಲಸ. ಕಿಟಕಿ ಪಕ್ಕದ, ನೂಲು ಸುತ್ತುವ ಯಂತ್ರ. ಅಕ್ಕ ಹಾಸಿಗೆ ಹಿಡಿದಾಗ ಮೇಸ್ತ್ರಿ ಹಿಂದೆ ಮುಂದೆ ನೋಡದೆ ತಂಗಿಯನ್ನೇ ಅಲ್ಲಿ ನಿಲ್ಲಿಸಿದ. ಪಾಳಿ ಮುಗಿಸಿ ಅವಳು ನೇರ ಅಕ್ಕನ ಮನೆಗೆ ಹೋಗಿ ಅಡುಗೆ ಮಾಡುತ್ತಿದ್ದಳು, ಅಕ್ಕನ ಪುಟ್ಟ ಮಗಳಿಗೆ ಜಡೆ ಹಾಕುತ್ತಿದ್ದಳು.

"ನನ್ನ ಮಿಷಿನ್ನು ಏನಂತು ಇವತ್ತು?" ಎಂದು ಅಕ್ಕ ಮಲಗಿದಲ್ಲಿಂದಲೇ ಕೇಳುತ್ತಿದ್ದಳು.

"ನಿನ್ನನ್ನೇ ಕೇಳ್ತಿತ್ತು. ನನ್ನ ಕೈಗೆಲ್ಲಿ ಬಗ್ಗುತ್ತೆ ಅದು!" ಎಂದರೆ ಅಕ್ಕನಿಗೆ ಸಮಾಧಾನ.

ಚಳಿ ಕಡಿಮೆಯಾಗುವ ಹೊತ್ತಿಗೆ ಅಕ್ಕ ತೀರಿಕೊಂಡಳು.

ತಂಗಿಗೆ ಅಳು ಬರಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟಳು, ಲೋಟ ತೊಳೆದಳು, ಮತ್ತೆ ಚಹಾಕ್ಕಿಟ್ಟಳು. ಕೈಗೆ ಜೋಮು ಹಿಡಿದಾಗ ಚಿವುಟಿಕೊಂಡರೂ ಬೇರೆ ಯಾರದೋ ಕೈ ಎನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗೇ ಆಗಿತ್ತು. ಕೆಲಸಕ್ಕೆ ಮರಳಿದಾಗ ಮೇಸ್ತ್ರಿ, "ಇನ್ಮೇಲೆ ಈ ಜಾಗ ನಿಂದೇ ಕಣಮ್ಮ. ಕಾಯಂ ಮಾಡಿದ್ದಾರೆ," ಎಂದ. ವರ್ಷಗಟ್ಟಲೆ ಕಾದಿದ್ದ ಮಾತು. "ಹೂಂ," ಎಂದು ಯಂತ್ರದ ಮೇಲಿನ ಧೂಳು ಒರೆಸಿದಳು.

ಅದಾದ ಮೇಲೆ ಒಂದು ದಿನ ಅಮ್ಮ ಮೆಲ್ಲಗೆ ಮಾತು ತೆಗೆದಳು. "ನಿಮ್ಮ ಭಾವ ಒಳ್ಳೆಯವರು. ಮಗು ನಿನ್ನನ್ನೇ ಹಚ್ಚಿಕೊಂಡಿದೆ. ಹೊರಗಿನವಳು ಬಂದರೆ ಹೇಗೋ ಏನೋ. ನೀನೇ ಆ ಮನೆ ತುಂಬಿಬಿಡು."

"ಭಾವ ಏನಂದ್ರು?"

"ನಿನ್ನಿಷ್ಟ ಅಂದ್ರು."

ಅವಳು ತನ್ನೊಳಗೆ ಹುಡುಕಿ ನೋಡಿದಳು. ಇಷ್ಟವೂ ಸಿಗಲಿಲ್ಲ, ಬೇಡ ಎನ್ನುವುದೂ ಸಿಗಲಿಲ್ಲ. "ನೀನು ಹೇಗೆ ಹೇಳಿದ್ರೆ ಹಾಗೆ," ಎಂದಳು.

ಮರುದಿನ ಸಂಜೆ ಜಡೆ ಹಾಕಿಸಿಕೊಳ್ಳುತ್ತಾ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮ, ನೀನು ಅಪ್ಪನ್ನ ಮದುವೆ ಆಗ್ತೀಯಂತೆ? ಆಮೇಲೂ ಚಿಕ್ಕಮ್ಮ ಅಂತಾನೇ ಕರೀಬೇಕಂತೆ. ಅಜ್ಜಿ ಹೇಳಿದ್ರು."

"ಹೌದು ಪುಟ್ಟಾ. ಅಮ್ಮನ ತಂಗಿಗೂ ಅಪ್ಪನ ಹೊಸ ಹೆಂಡತಿಗೂ ಅದೇ ಮಾತು."

ಹುಡುಗಿ ಹಿಂದಕ್ಕೆ ತಿರುಗಿ ನೋಡಿದಳು. "ಹಾಗಾದ್ರೆ ಅಮ್ಮನ ತಂಗಿ ಯಾರಾಗ್ತಾರೆ? ಆ ಜಾಗಕ್ಕೆ ಯಾರು ಬರ್ತಾರೆ?"

ಬಾಚಣಿಗೆ ಕೂದಲಲ್ಲೇ ನಿಂತಿತು. ಎಷ್ಟೋ ಜನರ ಜಾಗದಲ್ಲಿ ನಿಂತು ಬಂದವಳಿಗೆ, ತನ್ನದೇ ಒಂದು ಜಾಗವಿದೆ ಎಂಬುದು ಹೊಳೆದಿರಲಿಲ್ಲ. ಅಕ್ಕನಿಗೆ ಇದ್ದವಳು ಒಬ್ಬಳೇ ತಂಗಿ.

ಜಡೆ ಮುಗಿಸಿ ಅಡುಗೆಮನೆಗೆ ಹೋದಳು. ಭಾವ ಅಲ್ಲಿ ಸ್ಟವ್ ಒರೆಸುತ್ತಿದ್ದ. "ಭಾವ, ನನಗೆ ಈ ಮದುವೆ ಬೇಡ. ಮಗೂನ ನೋಡ್ಕೋತೀನಿ, ಯಾವಾಗ ಕರೆದ್ರೂ ಬರ್ತೀನಿ. ಅವಳಮ್ಮನ ತಂಗಿಯಾಗಿ ಬರ್ತೀನಿ."

ಅವನು ಬಟ್ಟೆ ಕೆಳಗಿಟ್ಟ. "ನನಗೂ ಅದೇ ಅನಿಸಿತ್ತಮ್ಮ. ಅತ್ತೆ ಮುಂದೆ ಹೇಳೋಕೆ ಬಾಯಿ ಬರಲಿಲ್ಲ."

ಅಮ್ಮ ಬಹಳ ದಿನ ಮುಖ ಊದಿಸಿಕೊಂಡಿದ್ದಳು. ಕೆಲವು ವರ್ಷಗಳ ನಂತರ ಭಾವ ಒಬ್ಬ ಟೈಲರಮ್ಮನನ್ನು ಮದುವೆಯಾದ. ಹುಡುಗಿಗೂ ಆ ಟೈಲರಮ್ಮನಿಗೂ ಜಗಳವಿಲ್ಲ, ಸಲಿಗೆಯೂ ಅಷ್ಟಕ್ಕಷ್ಟೆ.

ರಜೆಯ ದಿನ ಹುಡುಗಿ ಚಿಕ್ಕಮ್ಮನ ಬಾಡಿಗೆ ಕೋಣೆಗೆ ಬರುತ್ತಾಳೆ, ಅಮ್ಮನ ಸುದ್ದಿ ಹೇಳು ಎಂದು ಪೀಡಿಸುತ್ತಾಳೆ. ಅವಳು ಬಟ್ಟೆ ಮಡಚುತ್ತಾ, ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಾಳೆ: "ಜಿರಳೆ ಕಂಡ್ರೆ ನಿಮ್ಮಮ್ಮ ಮಂಚ ಹತ್ತಿ ನಿಲ್ತಿದ್ಲು. ಹೊಡೆಯೋಕೆ ನಾನೇ ಹೋಗಬೇಕಿತ್ತು. ನನಗೂ ಭಯಾನೇ, ಆದ್ರೆ ಯಾರೂ ಕೇಳಿರಲಿಲ್ಲ."

ಹುಡುಗಿ ಬಿದ್ದು ಬಿದ್ದು ನಗುತ್ತಾಳೆ. ಸ್ವಲ್ಪ ತಡವಾಗಿ ಅವಳೂ ನಗುತ್ತಾಳೆ.