ನೂರ ಅರವತ್ತೆಂಟು ಮೊಳೆಗಳು

ಬೆಂಚಣ್ಣನ ನಿಜವಾದ ಹೆಸರು ನನಗೆ ಗೊತ್ತಾದದ್ದು ಪರಿಚಯವಾಗಿ ಒಂಬತ್ತು ವರ್ಷಗಳ ಮೇಲೆ, ಅದೂ ಅವನ ಔಷಧಿ ಚೀಟಿಯಲ್ಲಿ. ಅದನ್ನು ಹೇಳಿ ಈಗ ಉಪಯೋಗವಿಲ್ಲ. ಹಾಗೆ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಚರ್ಚಿನಲ್ಲಿ ಕಸ ಗುಡಿಸುವವನು, ಗಂಟೆ ಹೊಡೆಯುವವನು, ಮುರಿದದ್ದಕ್ಕೆ ಮೊಳೆ ಹೊಡೆಯುವವನು ಎಲ್ಲಾ ಅವನೇ. ಆದರೆ ಹೆಸರು ಬಂದದ್ದು ಬೆಂಚುಗಳಿಂದ. ನಲವತ್ತೆರಡು ಬೆಂಚುಗಳನ್ನು ಶನಿವಾರ ಮಧ್ಯಾಹ್ನ ಎತ್ತಿ ಬದಿಗಿಟ್ಟು, ಭಾನುವಾರ ಬೆಳಿಗ್ಗೆ ಮತ್ತೆ ಇದ್ದಲ್ಲೇ ಇಡುವುದು. ಇಪ್ಪತ್ತಾರು ವರ್ಷ ಅದನ್ನು ಮಾಡಿದ.

ಎತ್ತುತ್ತಿದ್ದುದು ನಮ್ಮ ನಾಟಕಕ್ಕೆ. ನಮ್ಮ ಅಂದರೆ, ಬೇರೆ ಎಲ್ಲೂ ಜಾಗ ಸಿಗದವರದು. ನಾನು ಲೈಟಿನವನು. ದೊಡ್ಡ ರಂಗಮಂದಿರದವರು ಮುಖಕ್ಕೆ ಬಾಗಿಲು ಹಾಕಿದ ಹೊಸ ಹುಡುಗ ಹುಡುಗಿಯರು ಹಿಂದಿನ ಓಣಿಯ ಸಣ್ಣ ಬಾಗಿಲಿನಿಂದ ಒಳಗೆ ಬಂದು ತಮ್ಮ ಮೊದಲನೇ ನಾಟಕ ಆಡುತ್ತಿದ್ದರು. ಒಬ್ಬಳು ನಲವತ್ತು ನಿಮಿಷ ಮಾತೇ ಆಡದೆ ಒಂದೇ ಹೊದಿಕೆಯನ್ನು ಮಡಚಿ ಬಿಚ್ಚಿ ಮಡಚಿದಳು. ನೋಡಿದವರು ಏಳು ಜನ, ಅದರಲ್ಲಿ ಇಬ್ಬರು ಅವಳ ಅಪ್ಪ ಅಮ್ಮ.

"ಅರ್ಥ ಆಯ್ತಾ ಬೆಂಚಣ್ಣ?" ಅಂತ ಕೇಳಿದೆ.

"ಅರ್ಥ ಎಲ್ಲಿ ಆಗುತ್ತೆ? ಆದ್ರೆ ಆ ಹುಡುಗಿಗೆ ಬೆನ್ನು ನೋಯ್ತಿತ್ತು ನೋಡು, ಅದು ಗೊತ್ತಾಯ್ತು."

ಪತ್ರಿಕೆಯಲ್ಲಿ ವಿಮರ್ಶೆ ಬರೆಯುವವರು ಇದರ ಅರ್ಧದಷ್ಟೂ ನೋಡಿರಲಿಲ್ಲ.

ಜಾಗ ಕೊಟ್ಟವರು ಹಳೆ ಪಾದ್ರಿ. ಮುಂದಿನ ಗೋಡೆಗೆ ಪೋಸ್ಟರ್ ಅಂಟಿಸಬಾರದು ಎಂದಷ್ಟೇ ನಮಗೆ ಹೇಳಿದ್ದರು. ಇನ್ನೊಂದು ಮಾತನ್ನು ಬೆಂಚಣ್ಣನಿಗೆ ಮಾತ್ರ ಹೇಳಿದ್ದರು. "ಭಾನುವಾರ ಬಂದವರಿಗೆ ಇಲ್ಲಿ ನಾಟಕ ನಡೆದಿತ್ತು ಅನ್ನೋ ಸುಳಿವೂ ಸಿಗಬಾರದು. ನನ್ನ ಜನ ನನಗೆ ಗೊತ್ತು. ನೀನು ಆ ಒಂದನ್ನ ನೋಡಿಕೊಂಡ್ರೆ ಉಳಿದದ್ದು ನಾನು ನೋಡ್ಕೋತೀನಿ."

ನೋಡಿಕೊಂಡ. ಒಂದೊಂದು ಬೆಂಚಿನ ನಾಲ್ಕು ಕಾಲು ನಿಲ್ಲುವ ಕಡೆ ಮರದ ಹಲಗೆಯ ನೆಲಕ್ಕೆ ಗುರುತಿಗಾಗಿ ನಾಲ್ಕು ಗಿಡ್ಡ ಮೊಳೆ ಹೊಡೆದ, ತಲೆ ನೆಲಕ್ಕೆ ಸಮವಾಗುವಂತೆ. ಒಟ್ಟು ನೂರ ಅರವತ್ತೆಂಟು. ಕಾಲುಗಳ ಕೆಳಗೆ ಹಳೆ ಕಂಬಳಿಯ ತುಂಡು ಸಿಕ್ಕಿಸಿ ಗೀರು ಬೀಳದಂತೆ ಎಳೆಯುತ್ತಿದ್ದ. ಬಣ್ಣದ ಚುಕ್ಕೆ, ಕೂದಲೆಳೆ, ಬಟ್ಟೆಯ ನೂಲು ಯಾವುದನ್ನೂ ಬಿಡುತ್ತಿರಲಿಲ್ಲ. ಮೂರನೇ ಸಾಲಿನ ಬಲತುದಿಯಲ್ಲಿ ನಲವತ್ತು ವರ್ಷದಿಂದ ಕೂರುತ್ತಿದ್ದ ಕೋಲಿನ ಅಜ್ಜಿ ಬೆಳಿಗ್ಗೆ ಆರೂವರೆಗೇ ಬಂದು ಕಣ್ಣು ಮುಚ್ಚಿಕೊಂಡೇ ಹೋಗಿ ಕೂತರೂ ಸರಿಯಾಗಿ ತನ್ನ ಜಾಗದಲ್ಲೇ ಕೂರುತ್ತಿದ್ದರು. ಬೆಂಚಣ್ಣನಿಗೆ ಅದೇ ಚಪ್ಪಾಳೆ.

ಹಳೆ ಪಾದ್ರಿ ತೀರಿಕೊಂಡರು. ಮಾತು ತೆಗೆದುಕೊಂಡವರು ಹೋದರೂ ಮಾತು ಉಳಿಯಿತು.

ಕಳೆದ ವರ್ಷ ಬೇರೆಲ್ಲೋ ಒಂದು ಚರ್ಚಿನಲ್ಲಿ ಬೆಂಚು ಮಗುಚಿ ಮಗುವೊಂದರ ಕಾಲು ಮುರಿಯಿತಂತೆ. ನಮ್ಮ ಹೊಸ ಪಾದ್ರಿ ನೋಟಿಸು ಬರೆದರು: ಬೆಂಚುಗಳನ್ನು ಬೋಲ್ಟ್ ಹಾಕಿ ನೆಲಕ್ಕೆ ಬಿಗಿಯುವ ಬಗ್ಗೆ ಭಾನುವಾರ ಪ್ರಾರ್ಥನೆಯ ನಂತರ ಸಭೆ. ಅದನ್ನು ಹಲಗೆಗೆ ಅಂಟಿಸಿದವನೂ ಬೆಂಚಣ್ಣನೇ. ಅಂಟಿಸಿ, ಮೂರು ಸಲ ಓದಿ, ಸೀದಾ ನಮ್ಮ ಹತ್ತಿರ ಬಂದ. ಬೆಂಚು ಬಿಗಿದರೆ ರಂಗವಿಲ್ಲ. ರಂಗವಿಲ್ಲದಿದ್ದರೆ ನಾವಿಲ್ಲ. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ವಾರ ನಾಟಕ ಆಡುತ್ತಿದ್ದವಳಿಗೆ ಇಪ್ಪತ್ತಮೂರು ವರ್ಷ. ಡೈರೆಕ್ಟರಮ್ಮ ಎಂದು ನಾವು ರೇಗಿಸುತ್ತಿದ್ದೆವು. ಅವಳು ಹನ್ನೆರಡು ಬೆಂಚುಗಳನ್ನು ನೆಟ್ಟಗೆ ನಿಲ್ಲಿಸಿ ಬಾಗಿಲು ಮಾಡಿದ್ದಳು. ಮನೆ ಕಳೆದುಕೊಂಡ ಒಬ್ಬ ಹೆಂಗಸು ಒಂದೊಂದೇ ಬಾಗಿಲು ತಟ್ಟುತ್ತಾಳೆ, ಅಷ್ಟೇ ಕಥೆ. ಇಷ್ಟು ವರ್ಷಗಳಲ್ಲಿ ಅಲ್ಲಿ ನಾನು ಬೆಳಕು ಬಿಟ್ಟ ನಾಟಕಗಳಲ್ಲೆಲ್ಲ ಅದೇ ಒಳ್ಳೆಯದು. ಹಾಗಂತ ಅವಳಿಗೆ ಹೇಳದೇ ಹೋದೆ, ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಶನಿವಾರ ಆಟ ಮುಗಿದ ಮೇಲೆ ಅವಳು ಬೆಂಚಣ್ಣನ ಕೈ ಹಿಡಿದುಕೊಂಡಳು. "ಬೆಂಚಣ್ಣ, ಇದೊಂದು ಭಾನುವಾರ ಹೀಗೇ ಬಿಡಿ. ನಾಳೆ ಜನ ಬಂದು ನೋಡ್ಲಿ. ಬೈಲಿ ಬೇಕಾದ್ರೆ. ಬೈಯೋದಕ್ಕಾದ್ರೂ ನಾವೊಬ್ರು ಇದೀವಿ ಅಂತ ಗೊತ್ತಾಗ್ಲಿ."

ಬಾಗಿಲುಗಳಾಗಿ ನಿಂತಿದ್ದ ಹನ್ನೆರಡು ಬೆಂಚುಗಳನ್ನು ಅವನು ನೋಡಿದ.

"ಆಯ್ತು ತಾಯಿ. ಮುಟ್ಟಲ್ಲ," ಅಂದ.

ಮರುದಿನ ಒಂಬತ್ತು ಗಂಟೆಗೆ ನಾನೂ ಡೈರೆಕ್ಟರಮ್ಮನೂ ಹೋದೆವು. ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟರೆ ನಲವತ್ತೆರಡು ಬೆಂಚುಗಳು ಗೆರೆ ಎಳೆದ ಹಾಗೆ ಸಾಲಾಗಿ ನಿಂತಿದ್ದವು. ಜನ ಆಗಲೇ ಕೂತಿದ್ದರು. ಬೆಂಚಣ್ಣ ಗಂಟೆಯ ಹಗ್ಗದ ಹತ್ತಿರ ನಿಂತಿದ್ದ, ನಮ್ಮ ಕಡೆ ತಲೆ ಎತ್ತಲಿಲ್ಲ.

ಆಮೇಲೆ ಹೇಳಿದ. ಬಾಗಿಲು ತೆಗೆಯಲು ಐದಕ್ಕೆ ಬಂದನಂತೆ. ಕೋಲಿನ ಅಜ್ಜಿ ಬಂದರೆ ಎಲ್ಲಿ ಕೂರಬೇಕು ಎಂದು ಯೋಚನೆ ಹತ್ತಿತಂತೆ. "ಅವರದ್ದೊಂದೇ ಇಡೋಣ ಅಂದ್ಕೊಂಡೆ ಕಣೋ. ಒಂದೇ ಇಟ್ರೆ ಅದು ಒಂಟಿಯಾಗಿ ಕಾಣ್ತಿತ್ತು. ಪಕ್ಕದ್ದು ಇಟ್ಟೆ. ಆಮೇಲೆ ಆ ಸಾಲು ಅರ್ಧ ಆಯ್ತು, ಅರ್ಧ ಬಿಡೋಕಾಗುತ್ತಾ? ಆರೂವರೆಗೆ ನೋಡಿದ್ರೆ ಎಲ್ಲಾ ಇಟ್ಟುಬಿಟ್ಟಿದೀನಿ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಒಳ್ಳೆಯ ಗುಣ. ಅದಕ್ಕೇ ನನ್ನ ಹೊಟ್ಟೆ ಇಷ್ಟು ಉರಿಯುವುದು.

ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಹೊಸ ಪಾದ್ರಿ ಕೇಳಿದಾಗ ಡೈರೆಕ್ಟರಮ್ಮ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು. "ನಾವು ಇಪ್ಪತ್ತಾರು ವರ್ಷದಿಂದ ಇಲ್ಲಿ ನಾಟಕ ಆಡ್ತಿದೀವಿ. ಬೆಂಚು ಬಿಗಿದ್ರೆ ನಮಗೆ ಜಾಗ ಇಲ್ಲ."

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಆಮೇಲೆ ನೆಲ ನೋಡಿದರು, ಗೋಡೆ ನೋಡಿದರು.

"ಇಲ್ಲೇನಾ?" ಎಂದರು ಒಬ್ಬರು, ನಿಜವಾದ ಆಶ್ಚರ್ಯದಿಂದ. "ಶನಿವಾರ ಮಕ್ಕಳದ್ದು ಏನೋ ನಡೆಯುತ್ತೆ ಅಂತ ಕೇಳಿದ್ದೆ. ಅದು ಹಿಂದಿನ ಕೋಣೇಲಿ ಅಲ್ವಾ?"

"ಈ ಬೆಂಚು ನಾನು ಕಂಡ ಹಾಗೆ ಒಂದಿಂಚೂ ಅಲ್ಲಾಡಿಲ್ಲಮ್ಮ," ಎಂದರು ಕೋಲಿನ ಅಜ್ಜಿ, ಮೆತ್ತಗೆ, ಮಗುವಿಗೆ ತಿಳಿಹೇಳುವ ಹಾಗೆ.

ಅಲ್ಲಾಡದ ಬೆಂಚಿಗೆ ಬೋಲ್ಟ್ ಹಾಕಿದರೆ ಯಾರಿಗೆ ನಷ್ಟ? ಎಲ್ಲ ಕೈಗಳೂ ಮೇಲೆದ್ದವು. ನಮ್ಮನ್ನು ಬೇಡ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಸಂಬಳದ ಆಳಾದ್ದರಿಂದ ಬೆಂಚಣ್ಣನಿಗೆ ಕೈ ಎತ್ತುವ ಹಕ್ಕಿರಲಿಲ್ಲ. ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಡೈರೆಕ್ಟರಮ್ಮ ಅಲ್ಲಿಂದಲೇ ಹೊರಟುಹೋದಳು. ಈಗ ಒಂದು ಚಪ್ಪಲಿ ಅಂಗಡಿಯಲ್ಲಿದ್ದಾಳೆ. ನಾಟಕದ ವಿಷಯ ತೆಗೆದರೆ, "ಯಾವ ಸೈಜು ಬೇಕು?" ಅನ್ನುತ್ತಾಳೆ.

ಬೆಂಚುಗಳ ಸರಿಯಾದ ಜಾಗ ಗೊತ್ತಿದ್ದವನು ಅವನೊಬ್ಬನೇ, ಹಾಗಾಗಿ ಬೋಲ್ಟ್ ಹಾಕುವ ಕೆಲಸವೂ ಅವನ ತಲೆಗೇ ಬಿತ್ತು. ಡ್ರಿಲ್ ಹಿಡಿಯಲು ನಾನು ಹೋದೆ. ಬೇರೆ ಕೆಲಸವೂ ನನಗಿರಲಿಲ್ಲ. ಬೆಂಚಿನ ಕಾಲಿನ ಮೂಲಕ ತೂತು ಕೊರೆದರೆ ಕೆಳಗೆ ಅವನದೇ ಮೊಳೆಯ ತಲೆ ಸಿಗುತ್ತಿತ್ತು. ಡ್ರಿಲ್ ಕಿರುಚಿ ಜಾರಿತು. ಇನ್ನೊಂದು ಕಾಲು, ಅಲ್ಲೂ ಮೊಳೆ. ಕೀಳಲು ನೋಡಿದೆವು. ಇಪ್ಪತ್ತಾರು ವರ್ಷ ಹಳೆಯ ಮೊಳೆ ಹಲಗೆಯನ್ನೇ ಸೀಳುತ್ತಿತ್ತು. ಕೊನೆಗೆ ಎಲ್ಲ ಬೆಂಚುಗಳನ್ನೂ ಎರಡು ಬೆರಳಿನಷ್ಟು ಎಡಕ್ಕೆ ಸರಿಸಿ ಬಿಗಿದೆವು. ಕಂಬಳಿಯ ತುಂಡುಗಳನ್ನು ಅವನು ಮಡಚಿ ಮನೆಗೆ ಒಯ್ದ.

ಭಾನುವಾರ ಬೆಳಿಗ್ಗೆ ಉಳಿದ ಬೋಲ್ಟ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಕೋಲಿನ ಅಜ್ಜಿ ಬಂದರು. ಕೂತರು. ಎದ್ದರು. ಕೈಯಿಂದ ಬೆಂಚಿನ ತುದಿ ಸವರಿ ಮತ್ತೆ ಕೂತರು.

"ಯಾರೋ ನನ್ನ ಬೆಂಚನ್ನ ಜರುಗಿಸಿದಾರಲ್ಲಪ್ಪಾ," ಎಂದರು.

ಬೆಂಚಣ್ಣ ಡಬ್ಬಿ ಕೆಳಗಿಟ್ಟ. "ಹೂಂ ಅಮ್ಮ. ನಾನೇ. ಪ್ರತಿ ವಾರ ಜರುಗಿಸ್ತಿದ್ದೆ."

ಅಜ್ಜಿಗೆ ಅರ್ಧ ಕೇಳಿಸಲಿಲ್ಲ, ಉಳಿದರ್ಧ ಬೇಕಿರಲಿಲ್ಲ. "ಹಾಗಾದ್ರೆ ಮತ್ತೆ ಇದ್ದಲ್ಲೇ ಇಡು."

"ಇನ್ನು ಆಗಲ್ಲಮ್ಮ," ಎಂದು ಬೆಂಚಣ್ಣ ಗಂಟೆ ಹೊಡೆಯಲು ಹೋದ.