ಮಾವನ ಹೃದಯಕ್ಕೆ ಎರಡು ಅಳತೆ

ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಅವಳಿಗೆ ಸುತ್ತಮ್ಮ ಎಂದೇ ಹೆಸರು. ಕೆಲಸವೇ ಹಾಗಿತ್ತಲ್ಲ! ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಚಿತ್ರ ಪರದೆಯ ಮೇಲೆ ಬಂದಾಗ ಅದರ ಅಂಚು ಹಿಡಿದು ಮೌಸಿನಲ್ಲಿ ಒಂದು ಸುತ್ತು ಗೆರೆ ಎಳೆಯಬೇಕು. ಆ ಗೆರೆಯೊಳಗೆ ಎಷ್ಟು ರಕ್ತ ಮುಂದೆ ಹೋಯಿತು, ಕವಾಟ ಸೋರಿ ಎಷ್ಟು ಹಿಂದೆ ಬಂತು ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ವರ್ಷಗಟ್ಟಲೆ ಎಳೆದೆಳೆದು ಅವಳಿಗೆ ಸೊಕ್ಕೂ ಬಂದಿತ್ತು. "ಇವತ್ತೊಂದು ನಾಳೆಯೊಂದು ಹೇಳೋ ಕೈಯಲ್ಲ ಇದು" ಎಂದು ಕ್ಯಾಂಟೀನಿನಲ್ಲಿ ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಅಂಥವಳ ಪಕ್ಕಕ್ಕೆ ಹೊಸ ಸಾಫ್ಟ್‌ವೇರ್ ತಂದು ಕೂರಿಸಿದರು. ಸುತ್ತನ್ನೂ ಅದೇ ಎಳೆಯುತ್ತದಂತೆ! ಹಳೆಯದನ್ನು ಬಿಡುವ ಮುಂಚೆ ಒಂದೇ ಚಿತ್ರವನ್ನು ಎರಡರಲ್ಲೂ ಅಳೆದು, ಉತ್ತರ ಹೊಂದುತ್ತದೆಯೇ ನೋಡಿ ಎಂದರು ವಿಭಾಗದ ಡಾಕ್ಟರು. ಬಂದ ದಿನದಿಂದ ಎಲ್ಲರೂ ಅದರೆದುರು ನಿಂತು ಹಲ್ಲುಕಿರಿಯುವುದನ್ನು ನೋಡಿ ಸುತ್ತಮ್ಮ ಅದಕ್ಕೆ ಮದುಮಗ ಎಂದು ಹೆಸರಿಟ್ಟಳು.

ಅದೇ ಹೊತ್ತಿಗೆ ಅವಳ ಮಾವ, ಗಂಡನ ಅಪ್ಪ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದರು. ಮಾವ ದರ್ಜಿ, ಮನೆಯ ಮುಂಗೋಣೆಯೇ ಅಂಗಡಿ. ಮಾವ ಸೊಸೆ ದಿನಾ ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಿದ್ದರು. ನಿಜ ಹೇಳಬೇಕೆಂದರೆ, ಅವಳಿಗೆ ಹೆತ್ತ ಅಪ್ಪನಿಗಿಂತ ಈ ಬಾಯಿಬಡುಕ ಮುದುಕನ ಮೇಲೆಯೇ ಹೆಚ್ಚು ಜೀವ. ಹೇಳಿದರೆ ಇನ್ನಷ್ಟು ಕೊಬ್ಬುತ್ತಾರೆಂದು ಹೇಳಿರಲಿಲ್ಲ, ಅಷ್ಟೇ.

ಮಾವನ ಕವಾಟ ಸೋರುತ್ತಿತ್ತು. "ಹಿಂದೆ ಬರೋ ರಕ್ತ ನೂರಕ್ಕೆ ಮೂವತ್ತು ದಾಟಿದ್ರೆ ಆಪರೇಷನ್. ಒಳಗಿದ್ರೆ ಮಾತ್ರೆ ಕೊಟ್ಟು ಕಾಯೋಣ" ಎಂದರು ಡಾಕ್ಟರು. ಮದುಮಗ ಮೂವತ್ತಾರು ಎಂದಿತು. ಸುತ್ತಮ್ಮ ನಂಬಲಿಲ್ಲ. ಹಳೆಯದರಲ್ಲಿ ತಾನೇ ಸುತ್ತು ಎಳೆದಳು: ಇಪ್ಪತ್ತೇಳು.

"ನೋಡಿದ್ರಾ? ಹೊಸದಕ್ಕೆ ಕಣ್ಣೇ ಇಲ್ಲ!" ಎಂದು ವಿಭಾಗವನ್ನೇ ತಲೆಯ ಮೇಲೆ ಹೊತ್ತಳು. ಹೋಲಿಕೆ ಮುಗಿಯುವ ತನಕ ತೀರ್ಮಾನ ಬೇಡ ಎಂದು ಡಾಕ್ಟರು ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಮನೆಗೆ ಹೋದವಳೇ "ಆಪರೇಷನ್ ಇಲ್ಲ, ಮಾವ!" ಎಂದಳು. ಮಾವ ಖುಷಿಯಾಗಿ ಒಂದು ಶಾಲೆಯ ಸಮವಸ್ತ್ರದ ಕೆಲಸ ಪೂರ್ತಿ ಒಪ್ಪಿಕೊಂಡು, ಹೊಲಿಗೆಯಂತ್ರ ತುಳಿಯುತ್ತ ಏದುಸಿರು ಬಿಟ್ಟರು.

ಹೋಲಿಕೆಯ ಹೊಣೆ ಹೊತ್ತಿದ್ದವನು ಅವಳ ಜೊತೆಗಾರ. ದಪ್ಪ ಗಾಜಿನಿಂದಾಗಿ ಅವನ ಹೆಸರೇ ಕನ್ನಡಕ. ಅವಳು ಅಳೆದಿದ್ದ ಎಲ್ಲ ಚಿತ್ರಗಳ ಮೇಲಿನ ರೋಗಿಗಳ ಹೆಸರು ಮುಚ್ಚಿ, ಇಸ್ಪೀಟೆಲೆ ಕಲಸಿದ ಹಾಗೆ ಕಲಸಿ, "ಇನ್ನೊಂದು ಸಲ ಅಳೀರಿ" ಎಂದು ಅವಳ ಮುಂದಿಟ್ಟ.

"ಮದುಮಗನ್ನ ಪರೀಕ್ಷೆ ಮಾಡೋದು ಬಿಟ್ಟು ನನ್ನ ಮಾಡ್ತೀಯೇನೋ?"

"ಸಂಸಾರ ಅಂದ್ಮೇಲೆ ಇಬ್ಬರನ್ನೂ ನೋಡ್ಬೇಕಲ್ಲ, ಅಕ್ಕ."

ಬೈಯುತ್ತಲೇ ಅಳೆದಳು. ಹೆಸರು ಮುಚ್ಚಿದರೆ ಎಲ್ಲರ ನಾಳವೂ ಒಂದು ಬೂದು ಚೆಂಡು. ಫಲಿತಾಂಶ ನೋಡಿ ಕನ್ನಡಕ ತಲೆದೂಗಿದ. ಅವಳ ಕೈ ಮೊದಲಿನ ಉತ್ತರವನ್ನೇ ಹೇಳಿತ್ತು, ಮದುಮಗನೂ ಕೂದಲೆಳೆಯಷ್ಟು ಆಚೀಚೆ ಅದನ್ನೇ ಹೇಳಿತ್ತು. ಒಂದೇ ಒಂದು ಚಿತ್ರ ಹಟ ಹಿಡಿದಿತ್ತು. ಅದಕ್ಕೆ ಅವಳು ಮೊದಲು ಹೇಳಿದ್ದು ಇಪ್ಪತ್ತೇಳು, ಈಗ ಹೇಳಿದ್ದು ಮೂವತ್ತೈದು.

"ಯಾವ ಪುಣ್ಯಾತ್ಮಂದಪ್ಪ ಅದು, ನನ್ನ ಮಾನ ಕಳೆಯೋಕೆ?" ಎಂದು ನಕ್ಕಳು.

ಕನ್ನಡಕ ನಗಲಿಲ್ಲ. ಮುಚ್ಚಿದ ಹೆಸರು ತೆಗೆದ. ಮಾವ.

ಎರಡು ಸುತ್ತನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ವಾಪಸ್ ಬರುವ ರಕ್ತ ಅಂಚಿಗೆ ಅಂಟಿಕೊಂಡೇ ಜಾರುತ್ತಿತ್ತು. ಮೊದಲಿನ ಗೆರೆ ಸರಿಯಾಗಿ ಅಲ್ಲೇ ಒಳಕ್ಕೆ ಸರಿದು, ಅದಷ್ಟನ್ನೂ ಹೊರಗೆ ಬಿಟ್ಟಿತ್ತು. ಬೇಕೆಂದು ಎಳೆದದ್ದಲ್ಲ, ದೇವರಾಣೆಗೂ ಅಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಈ ಹೆಗ್ಗಣವನ್ನು ಅವಳು ಹೆತ್ತಿರಲೂ ಇಲ್ಲ! ಕುಣಿಯಲಾರದವಳು ನೆಲ ಡೊಂಕೆಂದು ಊರಿಗೆಲ್ಲ ಸಾರಿದ್ದಾಗಿತ್ತು. ಅವಳಿಗೆ ನಾಚಿಕೆಗಿಂತ ಹೆಚ್ಚು ಭಯವಾಯಿತು. ಡಾಕ್ಟರಿಗೆ ಸಂಖ್ಯೆ ತಿಳಿಸಿ ಬಂದಳು.

ಸಂಜೆ ಅಂಗಡಿಗೆ ನುಗ್ಗಿದಾಗ ಮಾವ ನೀಲಿ ಬಟ್ಟೆ ಹರಡಿಕೊಂಡು ಕತ್ತರಿ ಆಡಿಸುತ್ತಿದ್ದರು.

"ಮಾವ, ತಪ್ಪು ಅಳೆದಿದ್ದು ಮಷೀನಲ್ಲ, ನಾನು. ಆಪರೇಷನ್ ಆಗ್ಲೇಬೇಕು."

ಮಾವನ ಕತ್ತರಿ ನಿಂತಿತು. ಆಮೇಲೆ ಒಳಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ನಿಮ್ಮತ್ತೆಗೆ ನಾನು ಹೊಲಿದ ಒಂದು ರವಿಕೆನಾದ್ರೂ ಸರಿಯಾಗಿದ್ದದ್ದು ನೋಡಿದ್ದೀಯಾ? ಎಲ್ಲಾ ಬಿಗಿ. ಅವಳ ಸೊಂಟಕ್ಕೆ ಟೇಪು ಹಿಡಿದ್ರೆ ನನ್ನ ಕೈ ತಾನಾಗೇ ಒಂದಿಂಚು ಕಮ್ಮಿ ಓದುತ್ತೆ. ಮದುವೆಯಾದಾಗ ಇದ್ದ ಸೊಂಟವೇ ಇನ್ನೂ ನನ್ನ ಕಣ್ಣಲ್ಲಿದೆ, ಏನು ಮಾಡ್ಲಿ?"

"ಅದು ಹೊಲಿಗೆ ಬಿಟ್ರೆ ಮತ್ತೆ ಹಾಕ್ಬೋದು ಮಾವ. ಇದು ನಿಮ್ಮ ಜೀವ."

"ಗೊತ್ತು ಕಣೆ. ಅದಕ್ಕೇ ಹೆದರಿಕೆ ನಂಗೂ." ಕತ್ತರಿ ಕೆಳಗಿಟ್ಟು ಕೇಳಿದರು, "ಆಪರೇಷನ್ ಆದ್ಮೇಲೆ ಮತ್ತೆ ಅಳೀತಾರಾ?"

"ಅಳೀತಾರೆ. ನಾನಂತೂ ಮುಟ್ಟಲ್ಲ."

"ನೀನೇ ಅಳೀಬೇಕು. ಹೆಸರು ಮಾತ್ರ ಮುಚ್ಚಿಸ್ಕೋ."

ಆಗ ಅವಳಿಗೆ ತಡೆಯಲಾಗಲಿಲ್ಲ. ಮೇಜಿಗೆ ತಲೆಯಿಟ್ಟು ಗಳಗಳನೆ ಅತ್ತುಬಿಟ್ಟಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟರು, ಇನ್ನೊಂದು ಕೈಯಲ್ಲಿ ನೀಲಿ ಬಟ್ಟೆಯನ್ನು ಮೆಲ್ಲಗೆ ಆಚೆಗೆಳೆದುಕೊಂಡರು.

"ಅಳು ಮಗಾ, ಅಳು. ಬಟ್ಟೆ ಮೇಲೆ ಬೇಡ, ಗಿರಾಕೀದು."